ಮನೆಗೆ ಹೋದ ಮೇಲೆ ಮೊದಲು ಏನು ಮಾಡ್ತೀರಿ?

ಬಂದರಿನ ಮೇಲೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ತಿಂಡಿಯ ಗಾಡಿ ಉರುಳುವುದಕ್ಕೆ ಮುಂಚೆಯೇ ಎಫಿ ಬೂಟಿಲಿಯರ್ ಬಂದಾಗಿದೆ. ಕೋಟಿನ ಗುಂಡಿ ಬಿಚ್ಚುತ್ತಲೇ ಒಂದು ಕುರ್ಚಿ ಎಳೆದುಕೊಂಡು ಕಿಟಕಿ ಪಕ್ಕದ ಹಾಸಿಗೆಯ ಹತ್ತಿರ ಕೂರುತ್ತಾರೆ. ನಿಂತು ಮಾತಾಡುವ ಅಭ್ಯಾಸ ಅವರಿಗಿಲ್ಲ. ನಿಂತವರು ಹೊರಡುವವರು ಎಂದು ಮಲಗಿದವರಿಗೆ ಅನ್ನಿಸುತ್ತದಂತೆ, ಅನ್ನಿಸಿದ ಮೇಲೆ ಅವರು ಬಾಯಿ ಬಿಡುವುದಿಲ್ಲವಂತೆ.

ಹಾಸಿಗೆಯಲ್ಲಿರುವವರು ರೋರಿ ಮೆಕ್‌ಫೀ. ಎಂಬತ್ತಮೂರರ ಮುದುಕರು, ಹಳೆಯ ಕಲ್ಲಿದ್ದಲ ಗಣಿಯಾಳು. ಗಣಿಯ ಊರಾದ ಡನ್‌ಮೋರ್‌ನಲ್ಲಿ ರೋರಿ ಮೆಕ್‌ಫೀಗಳು ಹಲವರಿರುವುದರಿಂದ ಇವರು ‘ಕೆಟಲ್ ರೋರಿ’. ಗಣಿಯ ಕೆಳಗೂ ಮೇಲೂ ಇವರಷ್ಟು ಚಹಾ ಕುಡಿದವರಿಲ್ಲ ಎಂಬುದು ಪ್ರತೀತಿ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿ ಆಂಬುಲೆನ್ಸಿನಲ್ಲಿ ಬಂದವರು, ಈಗ ಸುಧಾರಿಸಿಕೊಂಡಿದ್ದಾರೆ.

“ಮನೆಗೆ ಹೋದ ಮೇಲೆ ಮೊದಲು ಏನು ಮಾಡ್ತೀರಿ, ರೋರಿ?”

“ಇದೇನು ಕೇಳ್ತೀಯ ಮಗಳೇ? ಕೆಟಲ್ ಇಡ್ತೀನಿ.”

“ಆಮೇಲೆ?”

“ಕುಡೀತೀನಿ.”

“ಆಮೇಲೆ?”

“ಇನ್ನೊಂದ್ ಸಲ ಇಡ್ತೀನಿ.”

ಎಫಿ ನಗುತ್ತಾರೆ. ಆದರೆ ಆ ಮೂರು ಉತ್ತರಗಳಲ್ಲಿ ಅವರಿಗೆ ಬೇಕಾದ್ದು ಸಿಕ್ಕಿದೆ. ಕುಡಿಯುವುದನ್ನು ಅಳೆದು ಕುಡಿಯಬೇಕಾದ ಮನುಷ್ಯ ಮನೆಗೆ ಕಾಲಿಟ್ಟೊಡನೆ ಕೆಟಲ್ ಇಡುತ್ತಾನೆ, ಮತ್ತು ಬೇಡ ಎನ್ನುವವರು ಆ ಮನೆಯಲ್ಲಿ ಯಾರೂ ಇಲ್ಲ.

ಈ ಪ್ರಶ್ನೆಯನ್ನು ಎಫಿ ಎಲ್ಲರನ್ನೂ ಕೇಳುತ್ತಾರೆ. ಒಬ್ಬಾಕೆ ಬೆಕ್ಕನ್ನು ಎತ್ತಿಕೊಳ್ಳುತ್ತೇನೆ ಎಂದರು, ಅವರ ಬೆನ್ನುಮೂಳೆಯಲ್ಲಿ ಬಿರುಕಿತ್ತು. ಇನ್ನೊಬ್ಬರು ನೆಲಮಾಳಿಗೆಗೆ ಇಳಿದು ಒಲೆಗೆ ಸೌದೆ ಹಾಕುತ್ತೇನೆ ಎಂದರು, ಅವರಿಗೆ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿ ಇನ್ನೂ ವಾರ ತುಂಬಿರಲಿಲ್ಲ. “ಮನೇಲಿ ಎಲ್ಲಾ ಅನುಕೂಲ ಇದೆಯಾ ಅಂತ ಕೇಳಿದ್ರೆ ಎಲ್ಲರೂ ಇದೆ ಅಂತಾರೆ. ಇಲ್ಲ ಅಂದ್ರೆ ನಾವೆಲ್ಲಿ ಇಲ್ಲೇ ಇಟ್ಕೊಂಡ್ಬಿಡ್ತೀವೋ ಅಂತ ಭಯ. ಅದಕ್ಕೇ ನಾನು ಅನುಕೂಲದ ಮಾತೇ ಎತ್ತಲ್ಲ,” ಎನ್ನುತ್ತಾರೆ ಎಫಿ.

ಐವತ್ತೆಂಟು ವರ್ಷದ ಎಫಿಯ ಹುದ್ದೆಗೆ ಆಸ್ಪತ್ರೆಯ ಭಾಷೆಯಲ್ಲಿ ಒಂದುಸಿರಿಗೆ ಮುಗಿಯದಷ್ಟು ಉದ್ದದ ಹೆಸರಿದೆ. ಊರಿನವರು ಅದನ್ನು ಕತ್ತರಿಸಿ ‘ಮನೆಗೆ ಕಳಿಸೋ ಎಫಿ’ ಎಂದು ಮಾಡಿಕೊಂಡಿದ್ದಾರೆ. ವಯಸ್ಸಾದ ರೋಗಿಯೊಬ್ಬರು ಆಸ್ಪತ್ರೆ ಬಿಡುವಾಗ ವೈದ್ಯರು ಹೇಳಿದ್ದು ಔಷಧಿ ಅಂಗಡಿಗೆ ಮುಟ್ಟಿತೇ, ಔಷಧಿ ಬದಲಾದದ್ದು ಊರಿನ ಡಾಕ್ಟರಿಗೆ ಗೊತ್ತೇ, ಮನೆಗೆ ಬರುವ ನರ್ಸ್ ಯಾವತ್ತು ಬರುತ್ತಾರೆ, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆಯೇ, ಅಡುಗೆ ಯಾರದು, ಏನಾದರೂ ಎಡವಟ್ಟಾದರೆ ಮೊದಲು ಯಾರಿಗೆ ಗೊತ್ತಾಗುತ್ತದೆ ಎಂಬುದನ್ನೆಲ್ಲ ಒಂದಕ್ಕೊಂದು ಹೊಂದಿಸುವ ಕೆಲಸ ಅವರದು. ದಿನಕ್ಕೆ ನಾಲ್ಕೈದು ಮಂದಿ ಮನೆಗೆ ಹೋಗುತ್ತಾರೆ. ಒಬ್ಬೊಬ್ಬರ ಹಿಂದೆ ಹತ್ತಾರು ಫೋನ್ ಕರೆ. ಅರ್ಧ ಹೊತ್ತು ಕಳೆಯುವುದು ಫೋನಿನಲ್ಲಿ ಕಾಯಿಸುವಾಗ ಹಾಕುವ ಸಂಗೀತ ಕೇಳುತ್ತ. “ಸತ್ತಾಗ ನನ್ನ ಸಂಸ್ಕಾರಕ್ಕೆ ಆ ಟ್ಯೂನ್ ಮಾತ್ರ ಹಾಕ್ಬೇಡಿ ಅಂತ ಗಂಡನಿಗೆ ಹೇಳಿಟ್ಟಿದ್ದೀನಿ.”

ಈ ಕೆಲಸಕ್ಕೆ ಅವರು ಬಂದದ್ದು ಹನ್ನೆರಡು ವರ್ಷಗಳ ಹಿಂದೆ. ಅಲ್ಲಿಯವರೆಗೆ ಇದೇ ವಾರ್ಡಿನಲ್ಲಿ ನರ್ಸ್ ಆಗಿದ್ದರು. ಒಂದು ಶುಕ್ರವಾರ ಸಂಜೆ ಒಬ್ಬ ವೃದ್ಧೆಯನ್ನು ಟ್ಯಾಕ್ಸಿಯಲ್ಲಿ ಮನೆಗೆ ಕಳಿಸಲಾಯಿತು. ಕೈಯಲ್ಲಿ ಒಂದು ಕಾಗದದ ಚೀಲ, ಚೀಲದ ತುಂಬ ಸೂಚನೆಗಳು, ಕನ್ನಡಕ ಮಾತ್ರ ವಾರ್ಡಿನಲ್ಲೇ ಉಳಿಯಿತು. ಮನೆಗೆ ಬರಬೇಕಿದ್ದ ನರ್ಸಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಮಂಗಳವಾರ ಆಕೆ ಆಂಬುಲೆನ್ಸಿನಲ್ಲಿ ವಾಪಸು ಬಂದರು, ನಾಲಿಗೆ ಒಣಗಿ, ಮಾತು ತೊದಲುತ್ತಿತ್ತು. ಎಫಿ ಕೈ ಹಿಡಿದಾಗ ಆಕೆ ಹೇಳಿದ್ದು ಒಂದೇ ಮಾತು: “ನೀವು ನನ್ನನ್ನ ಕಳಿಸಿದ್ದು ಮನೆಗಲ್ಲ ಕಣಮ್ಮ, ಬಾಗಿಲಾಚೆಗೆ.”

“ಯಾರ ಮೇಲೂ ತಪ್ಪು ಹೊರಿಸೋಕಾಗ್ಲಿಲ್ಲ,” ಎಂದು ಎಫಿ ನೆನೆಯುತ್ತಾರೆ. “ಎಲ್ಲರೂ ಅವರವರ ಕೆಲಸ ಮಾಡಿದ್ರು. ಒಬ್ಬರ ಕೆಲಸಕ್ಕೂ ಇನ್ನೊಬ್ಬರ ಕೆಲಸಕ್ಕೂ ನಡುವೆ ಆ ಅಜ್ಜಿ ಬಿದ್ಲು.” ಆಕೆ ಬದುಕಿದರು. ಮುಂದಿನ ವರ್ಷ ಈ ಹುದ್ದೆ ಹೊಸದಾಗಿ ಹುಟ್ಟಿದಾಗ ಅರ್ಜಿ ಹಾಕಿದವರು ಎಫಿ ಒಬ್ಬರೇ. ಓಡಾಟ ಹೆಚ್ಚು, ಹೆಸರಿಲ್ಲ, ಎರಡೂ ಕಡೆಯಿಂದ ಬೈಗುಳ ಎಂದು ಉಳಿದವರಿಗೆ ಮೊದಲೇ ಗೊತ್ತಿತ್ತು.

ಬೈಗುಳಕ್ಕೆ ಬರವಿಲ್ಲ. ಈ ಬೆಳಿಗ್ಗೆಯೇ ಡಾ. ಟೆಸ್ಸಾ ವೆಲ್ಟನ್ ಕಾರಿಡಾರಿನಲ್ಲಿ ಅಡ್ಡ ಸಿಗುತ್ತಾರೆ. ಒಳ್ಳೆಯ ವೈದ್ಯೆ, ರಾತ್ರಿಯಿಡೀ ನಿದ್ದೆಯಿಲ್ಲ.

“ಎಫಿ, ಮೆಕ್‌ಫೀಯವರನ್ನ ಇವತ್ತು ಕಳಿಸಬಹುದಾ? ಕೆಳಗೆ ಹಾಸಿಗೆ ಸಿಗದೆ ಕಾರಿಡಾರಿನಲ್ಲೇ ಆರು ಜನ ಮಲಗಿದ್ದಾರೆ.”

“ಇವತ್ತು ಕಳಿಸಿದ್ರೆ ಶನಿವಾರ ಅವರೇ ಏಳನೆಯವರಾಗಿ ಬರ್ತಾರೆ ಡಾಕ್ಟರ್. ಎರಡು ದಿನ ಕೊಡಿ.”

“ಎರಡು ದಿನದಲ್ಲಿ ಯಾರೂ ಸಿಗದಿದ್ರೆ?”

ಸಿಗದಿದ್ದರೆ ಏನೆಂದು ಇಬ್ಬರಿಗೂ ಗೊತ್ತು. ಸಮುದ್ರದ ಮೇಲಿನ ಸೇತುರಸ್ತೆ ದಾಟಿ ಎರಡು ಗಂಟೆ ದೂರದ ವೃದ್ಧಾಶ್ರಮದಲ್ಲಿ ಒಂದು ಹಾಸಿಗೆ ಖಾಲಿಯಿದೆ. ಆ ಮಾತು ಎತ್ತಿದಾಗ ರೋರಿ ಗೋಡೆ ಕಡೆ ತಿರುಗಿ ಮಲಗಿದ್ದರು. “ಅಲ್ಲಿ ನನ್ನನ್ನ ಯಾರ ಮಗ ಅಂತ ಕೇಳೋರೂ ಇರಲ್ಲ,” ಎಂದಿದ್ದರು. ಡನ್‌ಮೋರ್‌ನಲ್ಲಿ ಯಾರನ್ನೇ ಕಂಡರೂ ಮೊದಲು ಕೇಳುವುದು ಅದನ್ನೇ.

ರೋರಿಗೆ ಮಕ್ಕಳಿಲ್ಲ. ಹೆಂಡತಿ ಕ್ಯಾಸಿ ತೀರಿಕೊಂಡು ಏಳು ವರ್ಷ. ಮನೆಗೆ ಬರುವ ನರ್ಸ್ ವಾರಕ್ಕೆ ಮೂರು ಬೆಳಿಗ್ಗೆ ಬರುತ್ತಾರೆ. ಉಳಿದ ಹೊತ್ತಿನಲ್ಲಿ ಕಾಲು ಊದಿತೇ, ಉಸಿರು ಕಟ್ಟಿತೇ, ರಾತ್ರಿ ಮಲಗಿದರೋ ಕೂತೇ ಇದ್ದರೋ ಎಂದು ನೋಡುವ ಒಂದು ಜೊತೆ ಕಣ್ಣು ಬೇಕು. ಅಂಥ ಕಣ್ಣು ಬಹಳ ಹತ್ತಿರದಲ್ಲೇ ಇದೆ. ರೋರಿಯದು ಗಣಿ ಕಂಪನಿ ಕಟ್ಟಿಸಿದ ಮನೆ. ಒಂದೇ ಸೂರು, ನಡುವೆ ಒಂದು ಗೋಡೆ, ಎರಡು ಬಾಗಿಲು, ಎರಡು ಸಂಸಾರ. ಹಸಿರು ಬಣ್ಣದ ಅರ್ಧ ರೋರಿಯದು. ಬಿಳಿ ಅರ್ಧದಲ್ಲಿರುವುದು ಕ್ಯಾಸಿಯ ತಂಗಿ ಮಿಲ್ಡ್ರೆಡ್. ಮದುವೆಯಾಗದೆ, ಶಾಲೆಯ ಅಡುಗೆಮನೆಯಲ್ಲಿ ಮೂರು ತಲೆಮಾರಿಗೆ ಉಣಬಡಿಸಿದ ಹೆಂಗಸು. ಕ್ಯಾಸಿಯ ಅಂತ್ಯಸಂಸ್ಕಾರದ ದಿನದಿಂದ ಭಾವ ನಾದಿನಿ ಮಾತು ಬಿಟ್ಟಿದ್ದಾರೆ. ಕಾರಣ ಏನೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ತಿಳಿಯದು.

“ಮಿಲ್ಡ್ರೆಡ್ ಹತ್ರ ನಾನೊಂದ್ ಮಾತು ಕೇಳಲಾ?” ಎಫಿ ಕೇಳುತ್ತಾರೆ.

“ಅವಳ ಹತ್ರ? ಸತ್ರೂ ಬೇಡ.”

“ಸಾಯೋ ವಿಷಯ ಆಮೇಲೆ ನೋಡೋಣ. ನಿಮ್ಮ ಒಪ್ಪಿಗೆ ಇಲ್ದೆ ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ಬಾಗಿಲು ತಟ್ಟಲಾ, ಬೇಡವಾ? ಅಷ್ಟು ಹೇಳಿ ಸಾಕು.”

ರೋರಿ ಕಿಟಕಿಯಾಚೆ ಬಂದರಿನ ಕಡೆ ತಿರುಗುತ್ತಾರೆ. “ಅವಳು ಬಾಗಿಲು ತೆಗೆಯಲ್ಲ.”

“ಅದು ಬೇಡ ಅಂದ ಹಾಗಲ್ಲ.”

“ಅಲ್ಲ,” ಎನ್ನುತ್ತಾರೆ ರೋರಿ, ಕಿಟಕಿಗೆ.

ಅವತ್ತೇ ಸಂಜೆ ಮಿಲ್ಡ್ರೆಡ್ ಮನೆಗೆ ಹೋದ ಎಫಿ ಬಾಗಿಲು ತಟ್ಟಬೇಕಾಗಿ ಬರಲೇ ಇಲ್ಲ. ಮೆಟ್ಟಿಲ ಮೇಲಿನ ಹಿಮ ತುಳಿಯುವ ಸದ್ದಿಗೇ ಬಿಳಿ ಬಾಗಿಲು ತೆರೆಯುತ್ತದೆ. ಸಣ್ಣ ಮೈಕಟ್ಟಿನ, ಏಪ್ರನ್ ತೊಟ್ಟ ಮುದುಕಿ. ಎಫಿಯ ಕೊರಳಲ್ಲಿದ್ದ ಆಸ್ಪತ್ರೆಯ ಬಿಲ್ಲೆ ನೋಡಿ ಅವರ ಮುಖ ಬಿಳಿಚುತ್ತದೆ.

“ಸತ್ತನಾ?”

“ಇಲ್ಲ. ಚೆನ್ನಾಗಿದ್ದಾರೆ.”

“ಹಾಗಾದ್ರೆ ಒಳಗೆ ಬಾ, ಮನೆಯೆಲ್ಲಾ ತಣ್ಣಗಾಗತ್ತೆ. ಯಾರ ಮಗಳು ನೀನು?”

ಅಪ್ಪನ ಹೆಸರು, ಅಜ್ಜನ ಹೆಸರು, ಅಜ್ಜ ಇಳಿಯುತ್ತಿದ್ದ ಗಣಿಯ ಹೆಸರು ಎಲ್ಲ ಆದ ಮೇಲೆ ಚಹಾ ಬರುತ್ತದೆ, ಓಟ್ಸ್ ಬಿಸ್ಕತ್ತು ಬರುತ್ತದೆ. ರೋರಿಯ ಹೆಸರನ್ನು ಮಾತ್ರ ಮಿಲ್ಡ್ರೆಡ್ ಬಾಯಿಗೆ ತರುವುದಿಲ್ಲ. ‘ಗೋಡೆಯಾಚೆಯವನು’ ಎನ್ನುತ್ತಾರೆ. ಆದರೆ ಗೋಡೆಯಾಚೆಯವನ ಬಗ್ಗೆ ಅವರಿಗೆ ಗೊತ್ತಿಲ್ಲದ್ದಿಲ್ಲ.

“ಆಸ್ಪತ್ರೆಗೆ ಹೋಗೋ ಮುಂಚೆ ಒಂದು ವಾರ ಅವನು ಮಂಚದ ಮೇಲೆ ಮಲಗಿರ್ಲಿಲ್ಲ. ಕೆಮ್ಮು ಮೇಲಿನ ಮಲಗೋ ಕೋಣೆಯಿಂದ ಕೇಳಿಸ್ತಿರ್ಲಿಲ್ಲ, ಈ ಗೋಡೆಯಾಚೆ, ಅವನ ಅಡುಗೆಮನೆಯಿಂದ ಕೇಳಿಸ್ತಿತ್ತು. ಕುರ್ಚೀಲೇ ಕೂತು ನಿದ್ದೆ ಮಾಡ್ತಿದ್ದ. ಕ್ಯಾಸಿನೂ ಕೊನೆಕೊನೆಗೆ ಹಂಗೇ ಮಾಡ್ತಿದ್ಲು. ಅವತ್ತು ಬೆಳಿಗ್ಗೆ ಕೆಮ್ಮೂ ಕೇಳಿಸ್ಲಿಲ್ಲ, ಕೆಟಲ್ಲೂ ಕೇಳಿಸ್ಲಿಲ್ಲ.”

“ಆಂಬುಲೆನ್ಸಿಗೆ ಫೋನ್ ಮಾಡಿದ್ದು ನೀವಾ?”

ಮಿಲ್ಡ್ರೆಡ್ ಬಿಸ್ಕತ್ತಿನ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಾರೆ. “ತಿನ್ನು. ನಾನಂತ ಅವನಿಗೆ ಹೇಳ್ಬೇಡ.”

ಮಾರನೆಯ ಮಧ್ಯಾಹ್ನ ಅವರು ಆಸ್ಪತ್ರೆಗೆ ಬರುತ್ತಾರೆ. ಚರ್ಚಿಗೆ ಹಾಕುವ ಕೋಟು, ಕೈಯಲ್ಲಿ ದೊಡ್ಡದೊಂದು ಫ್ಲಾಸ್ಕು. ಏಳು ವರ್ಷದ ಮೌನಕ್ಕೆ ಮಾತಿನಿಂದ ಉತ್ತರ ಕೊಡಲು ಬಾರದ ಹೆಂಗಸು ತನಗೆ ಬರುವುದನ್ನು ಮಾಡಿ ತಂದಿದ್ದಾರೆ: ಸೂಪ್. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಅದನ್ನಿಟ್ಟು, ರೋರಿಯ ಮುಖ ನೋಡದೆ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ರೋರಿ ಫ್ಲಾಸ್ಕನ್ನು ನೋಡುತ್ತಾರೆ.

ಎಫಿಯದೊಂದು ಪದ್ಧತಿಯಿದೆ. ರೋಗಿಗೆ ಒಂದು ಮಾತು, ಮನೆಯವರಿಗೆ ಇನ್ನೊಂದು ಮಾತು ಹೇಳುವುದಿಲ್ಲ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಒಂದೇ ಸಲ, ಎಲ್ಲರ ಮುಂದೆ ಹೇಳುತ್ತಾರೆ. ಇವತ್ತೂ ಹಾಗೆಯೇ ಶುರುಮಾಡುತ್ತಾರೆ. ಬೆಳಿಗ್ಗೆ ಎದ್ದು ತೂಕ ನೋಡಿಕೊಳ್ಳಬೇಕು, ತೂಕ ಏಕಾಏಕಿ ಏರಿದರೆ ಅದು ಕೊಬ್ಬಲ್ಲ, ನೀರು. ಮೈಯ ನೀರು ಇಳಿಸುವ ‘ನೀರಿನ ಮಾತ್ರೆ’ ತಪ್ಪಿಸಬಾರದು. ಚಹಾ ಅಳೆದು ಕುಡಿಯಬೇಕು. “ಆಮೇಲೆ ಉಪ್ಪು. ಉಪ್ಪು ಮೈಯಲ್ಲಿ ನೀರು ಹಿಡಿದಿಡತ್ತೆ. ಸೋತ ಹೃದಯಕ್ಕೆ ಅದನ್ನ ಹೊರೋಕಾಗಲ್ಲ. ಉಪ್ಪು ಮೀನು, ಉಪ್ಪಲ್ಲಿಟ್ಟ ಮಾಂಸ ಬೇಡ. ಸೂಪಿಗೆ ಹಾಕೋ ಡಬ್ಬಿಯ ಮಸಾಲೆ ಪುಡಿನೂ ಬೇಡ, ಅದ್ರಲ್ಲಿ ತುಂಬಾ ಉಪ್ಪಿರತ್ತೆ.” ಎಫಿಯ ಕಣ್ಣು ಫ್ಲಾಸ್ಕಿನ ಮೇಲೆ ಹೋಗುತ್ತದೆ. “ಇದನ್ನ ಪ್ರೀತಿಯಿಂದ ತಂದಿದ್ದೀರಿ ಮಿಲ್ಡ್ರೆಡ್. ಆದ್ರೆ ಇವರು ಇದನ್ನ ಕುಡಿಯೋ ಹಾಗಿಲ್ಲ.”

ಮಿಲ್ಡ್ರೆಡ್ ಫ್ಲಾಸ್ಕನ್ನು ಕೈಗೆ ತೆಗೆದುಕೊಳ್ಳುತ್ತಾರೆ.

“ಕ್ಯಾಸಿಗೂ ಹೀಗೇನಾ?”

ಎಫಿ ರೋರಿಯ ಕಡೆ ನೋಡುತ್ತಾರೆ.

“ನಿನ್ನನ್ನ ಕೇಳ್ತಿದ್ದೀನಿ ತಾಯಿ. ನಮ್ಮಕ್ಕನಿಗೂ ಇದೇ ಕಾಯಿಲೆ. ಅವಳಿಗೂ ಉಪ್ಪು ಕೊಡಬಾರದಿತ್ತಾ?”

“ಹೌದು,” ಎನ್ನುತ್ತಾರೆ ಎಫಿ. “ಕೊಡಬಾರದಿತ್ತು.”

“ದಿನಾ ಎರಡು ಹೊತ್ತು ಸೂಪ್ ತಂದು ಕುಡಿಸ್ದೆ. ನಂಗೆ ಯಾರೂ ಹೇಳ್ಲಿಲ್ಲ.” ಮಿಲ್ಡ್ರೆಡ್ ಮೊದಲ ಸಲ ರೋರಿಯ ಕಡೆ ತಿರುಗುತ್ತಾರೆ. “‘ನಿನ್ನ ಸೂಪೇ ಅವಳನ್ನ ತಗೊಂಡ್ ಹೋಯ್ತು’ ಅಂತ ಮಣ್ಣು ಮಾಡಿದ ದಿನ ಅಂದೆಯಲ್ಲ, ದುಃಖಕ್ಕೆ ಬಾಯಿಗೆ ಬಂದಿದ್ದು ಅಂತಿದ್ದೀಯ ಅಂದ್ಕೊಂಡೆ. ನನ್ನ ಕೈ ಕೆಟ್ಟದ್ದು ಅಂತಿದ್ದೀಯ ಅಂದ್ಕೊಂಡೆ. ಉಪ್ಪು ಅಂತ ಯಾಕೆ ಅನ್ಲಿಲ್ಲ? ಒಂದೇ ಒಂದು ಮಾತು, ರೋರಿ. ಉಪ್ಪು ಹಾಕ್ಬೇಡ ಮಿಲ್ಡ್ರೆಡ್ ಅಂತ!”

ರೋರಿಯ ಕೈ ಹೊದಿಕೆಯ ಅಂಚನ್ನು ಹಿಡಿದು ಸುರುಳಿ ಸುತ್ತುತ್ತದೆ, ಬಿಚ್ಚುತ್ತದೆ.

“ನಂಗೆ ಹೇಳಿದ್ರು. ಕ್ಯಾಸಿನ ಮನೆಗೆ ಕಳಿಸಿದ ಶನಿವಾರ, ಆಸ್ಪತ್ರೆ ಬಾಗಿಲ ಹತ್ರ, ಕೋಟು ಹಾಕ್ಕೊಳ್ತಿರುವಾಗ ಒಬ್ಬಳು ನರ್ಸ್ ಹುಡುಗಿ ಬಂದು ಹೇಳಿ ಹೋದ್ಲು. ನಾನು ನಿಂಗೆ ಹೇಳ್ಲಿಲ್ಲ. ಅವಳು ಬೇರೇನೂ ತಿಂತಿರ್ಲಿಲ್ಲ ಮಿಲ್ಡ್ರೆಡ್. ನೀನು ಸೂಪಿನ ಪಾತ್ರೆ ತಂದಾಗ ಮಾತ್ರ ಅವಳ ಮುಖ ಅರಳ್ತಿದ್ದಿದ್ದು. ಬೇಡ ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ. ಆಮೇಲೆ ಅವಳು ಹೋದ್ಲು. ನನ್ನ ತಪ್ಪು ಅನ್ನೋದಕ್ಕಿಂತ ನಿಂದು ಅನ್ನೋದು ಸುಲಭ ಆಯ್ತು.”

ಇಂಥ ಹೊತ್ತಿನಲ್ಲಿ ಸಮಾಧಾನಕ್ಕೆಂದು ಒಂದು ಸುಳ್ಳು ಹೇಳಿಬಿಡುವುದು ಕಷ್ಟವಲ್ಲ. ಎಫಿ ಹೇಳುವುದಿಲ್ಲ. “ಕ್ಯಾಸಿಯವರ ಹೃದಯ ಅಷ್ಟು ಹೊತ್ತಿಗಾಗ್ಲೇ ಬಹಳ ಸೋತಿತ್ತು. ಸೂಪಿನಿಂದಲೇ ಹೋದ್ರು ಅಂತ ಯಾರೂ ಹೇಳೋಕಾಗಲ್ಲ. ಸೂಪಿನಿಂದ ಏನೂ ಆಗ್ಲಿಲ್ಲ ಅಂತ ನಾನೂ ಹೇಳೋಕಾಗಲ್ಲ. ಆದ್ರೆ ಒಂದು ಮಾತು. ಅಡುಗೆ ಮಾಡೋರು ಯಾರು ಅಂತ ಕೇಳಿ, ಅವರನ್ನೇ ಕರೆದು ಕೂರಿಸಿ ಹೇಳ್ಬೇಕಾಗಿದ್ದಿದ್ದು ನಾವು. ನಾವು ಹೇಳ್ಲಿಲ್ಲ. ಅದಕ್ಕೆ ನಿಮ್ಮಿಬ್ಬರ ಕ್ಷಮೆ ಕೇಳ್ತೀನಿ.”

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಡಾ. ವೆಲ್ಟನ್ ಒಳಗೆ ಬಂದು ತಾವೂ ಒಂದು ಕುರ್ಚಿ ಎಳೆದುಕೊಂಡು ಕೂತರು. ಹಾಸಿಗೆ ಖಾಲಿಯಾಗುವ ಮಾತನ್ನು ಅವತ್ತು ಅವರು ಎತ್ತಲಿಲ್ಲ.

ಮಿಲ್ಡ್ರೆಡ್ ಬಹಳ ಹೊತ್ತು ಅತ್ತರು. ಆಮೇಲೆ ಫ್ಲಾಸ್ಕನ್ನು ಸ್ನಾನದ ಕೋಣೆಗೆ ಒಯ್ದು ಸುರಿದು, ತೊಳೆದು, ಮುಚ್ಚಳ ಹಾಕಿಕೊಂಡು ಬಂದರು. “ಆ ತೂಕದ ವಿಷಯ ಇನ್ನೊಂದ್ ಸಲ ಹೇಳು,” ಎಂದರು ಎಫಿಗೆ. ಹೊರಟು ನಿಂತಾಗ ರೋರಿ ಕರೆದರು:

“ಆಂಬುಲೆನ್ಸ್ ಯಾರು ಕರೆಸಿದ್ದು ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ಹಿಂದಿನ ಬಾಗಿಲು ಬೀಗದಕೈಯಿಂದ ತೆಗೆದಿತ್ತು. ಇನ್ನೊಂದು ಕೀಲಿ ಕ್ಯಾಸಿ ನಿಂಗೇ ಕೊಟ್ಟಿದ್ದು.”

“ನೀನೇನು ವಾಪಸ್ ಕೇಳ್ಲಿಲ್ವಲ್ಲ,” ಎಂದು ಮಿಲ್ಡ್ರೆಡ್ ಕೋಟಿನ ಗುಂಡಿ ಹಾಕಿಕೊಂಡರು.

ಎಫಿ ಹೊಂದಿಸಿದ ಎಲ್ಲ ಮನೆಗಳೂ ಹೀಗೆ ಕೂಡುವುದಿಲ್ಲ. ಈ ಚಳಿಗಾಲದಲ್ಲೇ ಒಬ್ಬರು ಮನೆಗೆ ಹೋಗಬೇಕೆಂದು ಕೊನೆಯ ದಿನದವರೆಗೂ ಹಟ ಹಿಡಿದಿದ್ದರು. ಮೂವರು ಸೋದರಳಿಯಂದಿರಿಗೆ ಫೋನ್ ಮಾಡಿದರೂ ಒಬ್ಬರಿಗೂ ಆಗಲಿಲ್ಲ. ವೃದ್ಧಾಶ್ರಮದ ವ್ಯಾನು ಬಂದಾಗ ಎಫಿ ಅವರ ಶೂಗಳ ದಾರ ಕಟ್ಟಿ ಕಳಿಸಿಕೊಟ್ಟರು. “ಅವತ್ತು ಮನೆಗೆ ಹೋಗಿ ಗಂಡನ ಮೇಲೆ ಸುಮ್ನೆ ರೇಗಿದೆ. ಪಾಪ, ಅವನು ಆಲೂಗಡ್ಡೆ ಸಿಪ್ಪೆ ದಪ್ಪ ತೆಗೆದಿದ್ದ ಅಷ್ಟೇ.” ವಾರಾಂತ್ಯದಲ್ಲಿ ಈ ಕೆಲಸಕ್ಕೆ ಯಾರೂ ಇಲ್ಲ. ಹಾಗಾಗಿ ಶುಕ್ರವಾರ ಬಂತೆಂದರೆ ಎಫಿ ಇಂದಿಗೂ ಮನೆಗೆ ಹೋಗುವವರ ಕನ್ನಡಕ ಚೀಲದಲ್ಲಿದೆಯೇ ಎಂದು ಎರಡೆರಡು ಸಲ ನೋಡುತ್ತಾರೆ. ಶನಿವಾರ ಭಾನುವಾರಕ್ಕೆ ಇನ್ನೊಬ್ಬರನ್ನು ಕೊಡಿ ಎಂದು ಪ್ರತಿ ವರ್ಷ ಕೇಳುತ್ತಾರೆ. ಬೇರೆ ಬೇಡಿಕೆ ಇಲ್ಲ.

ರೋರಿ ಮಾರ್ಚ್ ತಿಂಗಳ ಒಂದು ಗುರುವಾರ ಮನೆಗೆ ಹೋದರು. ಎರಡು ದಿನ ಬಿಟ್ಟು, ರಜೆಯಾದರೂ, ಎಫಿ ಮನೆಯಿಂದಲೇ ಫೋನ್ ಮಾಡಿದಾಗ ತೆಗೆದವರು ಮಿಲ್ಡ್ರೆಡ್. ಹಿನ್ನೆಲೆಯಲ್ಲಿ ರೋರಿಯ ದನಿ: “ಈ ಸೂಪು ಪಾತ್ರೆ ತೊಳೆದ ನೀರಿನ ಹಾಗಿದೆ ಅಂತ ಹೇಳು ಅವಳಿಗೆ!”

“ಕೇಳಿಸ್ತಾ? ಅಂದ್ರೆ ಸರಿಯಾಗೇ ಮಾಡಿದ್ದೀನಿ,” ಎಂದರು ಮಿಲ್ಡ್ರೆಡ್.

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ತೂಕ ಏರಿತು. ಪಾದ ಊದಿಕೊಂಡು ಚಪ್ಪಲಿ ಹಿಡಿಸಲಿಲ್ಲ. ಏನಿಲ್ಲ ಎಂದು ರೋರಿ ವಾದಿಸುತ್ತಿರುವಾಗಲೇ ಮಿಲ್ಡ್ರೆಡ್ ಫೋನ್ ಹಚ್ಚಿದರು. ಊರಿನ ಡಾಕ್ಟರು ನೀರಿನ ಮಾತ್ರೆಯನ್ನು ಕೆಲವು ದಿನ ಹೆಚ್ಚಿಸಿದರು. ವಾರದೊಳಗೆ ಊತ ಇಳಿಯಿತು. ಆಂಬುಲೆನ್ಸ್ ಬರಲಿಲ್ಲ, ಬೀದಿಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಭಾವ ನಾದಿನಿ ಈಗ ದಿನವೂ ಜಗಳವಾಡುತ್ತಾರೆ, ಹೆಚ್ಚಾಗಿ ಚಹಾದ ಲೋಟದ ಅಳತೆಯ ಬಗ್ಗೆ. ಭಾನುವಾರ ಇಬ್ಬರೂ ಒಟ್ಟಿಗೆ ಕ್ಯಾಸಿಯ ಸಮಾಧಿಗೆ ಹೋಗಿ ಬರುತ್ತಾರೆ, ದಾರಿಯುದ್ದಕ್ಕೂ ಮಾತಿಲ್ಲದೆ. ತಮ್ಮ ಕಥೆಯನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾನು ಕೇಳಿದ್ದಕ್ಕೆ ಮಿಲ್ಡ್ರೆಡ್ ಒಪ್ಪಿಕೊಂಡರು. “ಬರಿ. ಇನ್ನೊಬ್ಬಳು ಯಾರಾದ್ರೂ ಓದ್ಲಿ. ಆದ್ರೆ ನನ್ನ ಸೂಪ್ ರುಚಿಯಾಗಿತ್ತು ಅನ್ನೋದನ್ನೂ ಬರಿ.”

ಶನಿವಾರ ಸಹಕಾರಿ ಸಂಘದ ಅಂಗಡಿಯಲ್ಲಿ ತರಕಾರಿ ಆರಿಸುತ್ತಿದ್ದಾರೆ ಎಫಿ. ಹಿಂದಿನಿಂದ ಗಾಡಿ ತಳ್ಳಿಕೊಂಡು ಬಂದ ವೃದ್ಧೆಯೊಬ್ಬರು, “ಸ್ವಲ್ಪ ಪಕ್ಕಕ್ಕೆ ಸರಿ ತಾಯಿ, ಆಲೂಗಡ್ಡೆ ತಗೋಬೇಕು,” ಎನ್ನುತ್ತಾರೆ. ಎಫಿ ಸರಿಯುತ್ತಾರೆ. ಆಕೆ ಟರ್ನಿಪ್‌ಗಳ ಬಗ್ಗೆ ಅಂಗಡಿಯವನಿಗೆ ಖಾರವಾಗಿ ಎರಡು ಮಾತು ಅಂದು, ಆಲೂಗಡ್ಡೆಯ ಚೀಲವೊಂದನ್ನು ಎತ್ತಿ ಗಾಡಿಗೆ ಹಾಕಿಕೊಂಡು, ಎಫಿಯ ಮುಖವನ್ನು ಒಮ್ಮೆ ನೋಡಿ, ಗುರುತು ಹತ್ತದೆ ಮುಂದೆ ಹೋಗುತ್ತಾರೆ.

ಈ ಜನವರಿಯಲ್ಲಿ ಆಸ್ಪತ್ರೆಯಲ್ಲಿದ್ದಾಗ ಆಕೆಗೆ ಚಮಚ ಹಿಡಿಯಲೂ ಆಗುತ್ತಿರಲಿಲ್ಲ. ಹೆಸರನ್ನು ಎಫಿ ಹೇಳುವುದಿಲ್ಲ, ಹಾಸಿಗೆ ಪಕ್ಕ ತಾವು ಎಷ್ಟು ದಿನ ಬೆಳಿಗ್ಗೆ ಕೂತಿದ್ದರೆಂದೂ ಹೇಳುವುದಿಲ್ಲ.

ಗುರುತೇ ಸಿಗಲಿಲ್ಲವಲ್ಲ, ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ.

“ಅಯ್ಯೋ, ಬೇಜಾರ್ಯಾಕೆ? ನನ್ನ ನೆನಪಿಟ್ಕೊಂಡ್ರೆ ಆ ಹಾಸಿಗೇನೂ ನೆನಪಿಟ್ಕೋಬೇಕಾಗತ್ತೆ,” ಎನ್ನುತ್ತಾರೆ ಎಫಿ. ಅವರ ಕಣ್ಣು ಇನ್ನೂ ಆ ಗಾಡಿಯ ಮೇಲೇ ಇದೆ. “ಆ ಚೀಲ ಅವಳೇ ಎತ್ತಿದ್ಲು. ನೋಡಿದ್ರಾ?”